ಮಂಡಿ ಬದಲಾವಣೆ ಆಪರೇಷನ್ ಸುಧಾರಿಸಲು ಡೇಟಾ ಹೇಗೆ ನೆರವಾಗುತ್ತದೆ?

ಕೃತಕ ಮಂಡಿ ಎಷ್ಟು ಬಾಳಿಕೆ ಬರುತ್ತದೆ ಅಂತ ಗೊತ್ತಾಗಲು ಹತ್ತು ಹದಿನೈದು ವರ್ಷ ಬೇಕು. ಅದನ್ನು ಒಬ್ಬ ಸರ್ಜನ್ ತನ್ನ ಅನುಭವದಿಂದಲೇ ಹೇಳುವುದು ಕಷ್ಟ. ಅದಕ್ಕೇ ಸ್ವೀಡನ್ 1975ರಲ್ಲೇ ಇಡೀ ದೇಶಕ್ಕೊಂದು ರಿಜಿಸ್ಟ್ರಿ ಶುರು ಮಾಡಿತು. ಯಾವ ಮಾದರಿಯ ಇಂಪ್ಲಾಂಟ್ (ಅಂದರೆ ಕೃತಕ ಮಂಡಿ) ಹಾಕಿದರು, ಮತ್ತೆ ಆಪರೇಷನ್ ಬೇಕಾಯಿತಾ, ಯಾಕೆ ಅಂತೆಲ್ಲ ಅದರಲ್ಲಿ ದಾಖಲಾಗುತ್ತದೆ. ಬೇಗ ಸಡಿಲವಾಗುವ ಮಾದರಿ ಅಂಕಿಗಳಲ್ಲಿ ಎದ್ದು ಕಾಣುತ್ತದೆ.

ಆದರೆ ಮರು ಆಪರೇಷನ್ ಆಗಿಲ್ಲ ಅಂದ ಮಾತ್ರಕ್ಕೆ ನೋವಿಲ್ಲ ಅಂತಲ್ಲ, ಅಲ್ವಾ? ಹಾಗಾಗಿ ಇಂಗ್ಲೆಂಡ್‌ನಲ್ಲಿ 2009ರಿಂದ ರೋಗಿಗಳನ್ನೇ ಕೇಳುತ್ತಾರೆ. ಆಪರೇಷನ್‌ಗೆ ಮುಂಚೆ ಒಮ್ಮೆ, ಆರು ತಿಂಗಳ ನಂತರ ಇನ್ನೊಮ್ಮೆ. ಅದಕ್ಕೆ ಬಳಸುವ ಆಕ್ಸ್‌ಫರ್ಡ್ ನೀ ಸ್ಕೋರ್ ಎಂಬ ಮಂಡಿಯ ಪ್ರಶ್ನಾವಳಿಯಲ್ಲಿ 12 ಪ್ರಶ್ನೆ, ಒಟ್ಟು 48 ಅಂಕ. ಮೆಟ್ಟಿಲು ಇಳಿಯಲು ಆಗುತ್ತದಾ, ರಾತ್ರಿ ನೋವು ಕಾಡುತ್ತದಾ, ಇಂಥವು. ನನಗೆ ಇದೇ ಜಾಸ್ತಿ ಮುಖ್ಯ ಅನಿಸುತ್ತದೆ.

ನೀವು ಆಪರೇಷನ್ ಮಾಡಿಸಿಕೊಂಡರೆ, ಯಾವ ಮಾದರಿ ಹಾಕಿದರು ಅಂತ ಮುಂದೆ ಗೊತ್ತಾಗಲು, ಇಂಪ್ಲಾಂಟ್‌ನ ಸ್ಟಿಕ್ಕರ್ ಇರುವ ಕಾಗದವನ್ನು ಕೇಳಿ ಪಡೆದು ಜೋಪಾನವಾಗಿಡಿ.