ಡ್ರಮ್ಮಿನ ಮೇಲೊಂದು ಹೆಸರು, ಫೈಲಿನಲ್ಲಿ ಇನ್ನೊಂದು

ಪ್ರಶ್ನೆ: ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಯೊಂದರ ಸ್ಟೋರ್ ನೋಡಿಕೊಳ್ಳುತ್ತಿದ್ದೇನೆ. ಗ್ರೀಸ್ ತೆಗೆಯುವ ಟ್ರೈಕ್ಲೋರೋಎಥಿಲೀನ್, ಥಿನ್ನರ್, ಆಸಿಡ್, ಕೂಲೆಂಟ್ ಮುಂತಾದವುಗಳ ಎಂಎಸ್‌ಡಿಎಸ್‌ಗಳು, ಅಂದರೆ ರಾಸಾಯನಿಕದ ಅಪಾಯ, ಎಚ್ಚರಿಕೆಗಳನ್ನು ತಿಳಿಸುವ ಸುರಕ್ಷತಾ ಮಾಹಿತಿ ಪತ್ರಗಳು, ಒಂದು ಫೈಲಿನಲ್ಲಿವೆ. ಅವುಗಳಲ್ಲಿ ಹಲವು 2011ರವು. ಪ್ರತಿವರ್ಷ ಬದಲಾಯಿಸಬೇಕೆಂದು ಒಬ್ಬರು, ಐದು ವರ್ಷಕ್ಕೊಮ್ಮೆ ಸಾಕೆಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?
— ಓದುಗರೊಬ್ಬರು, ತುಮಕೂರು

ಉತ್ತರ: ಭೋಪಾಲ್ ದುರಂತದ ನಂತರ ಬಂದ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ರೂಪುಗೊಂಡ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹಣೆ ಮತ್ತು ಆಮದು ನಿಯಮಗಳಲ್ಲಿ ಇಂಥ ವರ್ಷಗಳ ಲೆಕ್ಕವಿಲ್ಲ. ಸುರಕ್ಷತಾ ಮಾಹಿತಿ ಪತ್ರವನ್ನು ಪಡೆದುಕೊಳ್ಳುವುದು ಅಥವಾ ಸಿದ್ಧಪಡಿಸುವುದು, ಕೇಳಿದವರಿಗೆ ನೋಡಲು ಒದಗಿಸುವುದು, ಅಪಾಯದ ಬಗ್ಗೆ ಮಹತ್ವದ ಹೊಸ ಮಾಹಿತಿ ದೊರೆತಾಗ ಸಾಧ್ಯವಾದಷ್ಟು ಬೇಗ ಅದನ್ನು ಸೇರಿಸುವುದು ಕಾರ್ಖಾನೆಯ ಅಧಿಭೋಗದಾರರ (ಅದರ ಆಡಳಿತದ ಹಿಡಿತವಿರುವವರ) ಹೊಣೆ ಎಂದು ಅವುಗಳ 17ನೇ ನಿಯಮ ಹೇಳುತ್ತದೆ. ಐದು ವರ್ಷಕ್ಕೊಮ್ಮೆ ಮರುಪರಿಶೀಲನೆ ಎಂಬುದು ಆಸ್ಟ್ರೇಲಿಯಾದಂಥ ದೇಶಗಳಲ್ಲಿ ತಯಾರಕರಿಗೆ ಹಾಕಿರುವ ಕಟ್ಟಳೆ.

ಹಾಗೆಂದು 2011ರ ಪತ್ರ ನಡೆಯುತ್ತದೆ ಎಂದುಕೊಳ್ಳಬೇಡಿ. ನೀವು ಹೆಸರಿಸಿದ ಟ್ರೈಕ್ಲೋರೋಎಥಿಲೀನನ್ನೇ ತೆಗೆದುಕೊಳ್ಳೋಣ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅದನ್ನು 1995ರಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ಗಳ ಗುಂಪಿಗೆ ಸೇರಿಸಿತ್ತು, 2012ರ ಅಕ್ಟೋಬರಿನಲ್ಲಿ, ಮೂತ್ರಪಿಂಡದ ಕ್ಯಾನ್ಸರಿಗೆ ಸಾಕಷ್ಟು ಪುರಾವೆಯಿದೆಯೆಂದು ನಿರ್ಣಯಿಸಿ, ಮನುಷ್ಯರಲ್ಲಿ ನಿಶ್ಚಿತವಾಗಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಏರಿಸಿತು. ನಿಮ್ಮ ಫೈಲಿನ ಪತ್ರಕ್ಕೆ ಈ ಸಂಗತಿ ತಿಳಿದಿರಲು ಸಾಧ್ಯವೇ ಇಲ್ಲ. ಈ ದ್ರಾವಕದ ತೊಟ್ಟಿಯ ಬಳಿ ದಿನವಿಡೀ ನಿಲ್ಲುವವರ ಗಾಳಿ ವ್ಯವಸ್ಥೆ, ಕೈಗವಸು, ವೈದ್ಯಕೀಯ ತಪಾಸಣೆಗಳೆಲ್ಲ ಹಳೆಯ ತಿಳಿವಳಿಕೆಯ ಮೇಲೆಯೇ ನಿಂತಿರುತ್ತವೆ. ಸಾಧ್ಯವಾದರೆ ಈ ದ್ರಾವಕವನ್ನೇ ಬಿಡುವ ವಿಚಾರವನ್ನು ಮಾಲೀಕರ ಮುಂದಿಡಿ.

ಜ್ಞಾನ ಬದಲಾಗುವುದು ಅಪರೂಪ, ಸರಬರಾಜುದಾರರು ಬದಲಾಗುವುದು ಪದೇ ಪದೇ. ಲೀಟರಿಗೆ ನಾಲ್ಕು ರೂಪಾಯಿ ಉಳಿಯುತ್ತದೆಂದು ಖರೀದಿ ವಿಭಾಗವು ಬೇರೆ ಕಂಪನಿಯ ಥಿನ್ನರ್ ತರಿಸಿದರೆ, ಹೆಸರು ‘ಥಿನ್ನರ್’ ಎಂದೇ ಉಳಿದರೂ ಒಳಗಿನ ಮಿಶ್ರಣ, ಹೊತ್ತಿಕೊಳ್ಳುವ ಉಷ್ಣಾಂಶ, ಬೇಕಾದ ಕೈಗವಸಿನ ಬಗೆ ಎಲ್ಲವೂ ಬೇರೆಯಾಗಿರಬಹುದು. ಆದ್ದರಿಂದ ನನ್ನ ಮಟ್ಟಿಗೆ ಪತ್ರದ ವಯಸ್ಸಿಗಿಂತ, ಅದು ಈ ಹೊತ್ತು ಸ್ಟೋರಿನಲ್ಲಿರುವ ಡ್ರಮ್ಮಿಗೇ ಸೇರಿದ್ದೇ ಎಂಬುದು ಮೊದಲ ಪ್ರಶ್ನೆ. ಫೈಲನ್ನು ಕೈಯಲ್ಲಿ ಹಿಡಿದು ಸ್ಟೋರಿನಲ್ಲಿ ಒಂದು ಸುತ್ತು ಹಾಕಿ, ಪ್ರತಿ ಡ್ರಮ್ಮಿನ ಲೇಬಲ್ಲಿನಲ್ಲಿರುವ ಉತ್ಪನ್ನದ ಹೆಸರು ಮತ್ತು ತಯಾರಕರ ಹೆಸರನ್ನು ಪತ್ರದ ಮೊದಲ ವಿಭಾಗದೊಂದಿಗೆ ತಾಳೆ ನೋಡಿ. ವಿಶ್ವಸಂಸ್ಥೆಯ ಜಿಎಚ್‌ಎಸ್ (ರಾಸಾಯನಿಕಗಳ ವರ್ಗೀಕರಣ ಮತ್ತು ಲೇಬಲ್ಲಿಗೆ ಜಾಗತಿಕವಾಗಿ ಏಕರೂಪವಾದ) ಪದ್ಧತಿಯ ಪತ್ರದಲ್ಲಿ 16 ವಿಭಾಗಗಳಿದ್ದು, ಪರಿಷ್ಕರಣೆಯ ದಿನಾಂಕವನ್ನು ಕೊನೆಯ ವಿಭಾಗದಲ್ಲಿ ಹುಡುಕಬೇಕು. ತಾಳೆಯಾಗದವುಗಳಿಗೆ, ದಿನಾಂಕ ತೀರ ಹಳೆಯದಾದವುಗಳಿಗೆ ಸರಬರಾಜುದಾರರಿಂದ ಲಿಖಿತವಾಗಿ ಹೊಸ ಪ್ರತಿ ಕೇಳಿ. ಹೊಸದು ಬಂದಿಲ್ಲವೆಂದರೆ ಅದನ್ನೂ ಬರೆದುಕೊಡಲಿ. ಅಂತರ್ಜಾಲದಲ್ಲಿ ಸಿಕ್ಕ ಬೇರೆ ಕಂಪನಿಯ ಪತ್ರವನ್ನು ಇಳಿಸಿಕೊಂಡು ಜಾಗ ತುಂಬಿಸುವುದು ತಪಾಸಣೆಯ ದಿನದ ಚಾಲಾಕಿಯೇ ಹೊರತು ಮತ್ತೇನಲ್ಲ. ಇನ್ನು ಮುಂದೆ, ಹೊಸ ಉತ್ಪನ್ನವಾಗಲಿ ಹೊಸ ಕಂಪನಿಯ ಮಾಲಾಗಲಿ ಬಂದಾಗ, ಅದರ ಪತ್ರ ಕೈಸೇರದ ಹೊರತು ದಾಸ್ತಾನು ಪುಸ್ತಕದಲ್ಲಿ ನಮೂದಿಸುವುದಿಲ್ಲವೆಂಬ ಒಪ್ಪಂದವನ್ನು ಖರೀದಿ ವಿಭಾಗದೊಂದಿಗೆ ಮಾಡಿಕೊಂಡರೆ ಅರ್ಧ ಕೆಲಸ ತಾನಾಗಿಯೇ ನಡೆಯುತ್ತದೆ.

ಹಳೆಯ ಪತ್ರಗಳನ್ನು ರದ್ದಿಗೆ ಹಾಕಬೇಡಿ. ಯಾವ ವರ್ಷದಿಂದ ಯಾವ ವರ್ಷದವರೆಗೆ ಆ ಮಾಲು ಬಳಕೆಯಲ್ಲಿತ್ತೆಂದು ಬರೆದು ಪ್ರತ್ಯೇಕವಾಗಿಡಿ. ಕೆಲವು ಕಾಯಿಲೆಗಳು ಕಾಣಿಸಿಕೊಳ್ಳುವ ಹೊತ್ತಿಗೆ ಕಾರ್ಮಿಕರು ನಿವೃತ್ತರಾಗಿರುತ್ತಾರೆ. ಅಮೆರಿಕದಲ್ಲಿ ಕಾರ್ಮಿಕರು ಯಾವ ರಾಸಾಯನಿಕಕ್ಕೆ ಒಡ್ಡಿಕೊಂಡಿದ್ದರೆಂಬ ದಾಖಲೆಯನ್ನು 30 ವರ್ಷ ಇಡಬೇಕೆಂದಿರುವುದು ಈ ಕಾರಣಕ್ಕಾಗಿಯೇ.

ಪ್ರಶ್ನೆ: ಪತ್ರಗಳನ್ನು ಕಂಪ್ಯೂಟರಿನಲ್ಲಿ ಇಟ್ಟರೆ ಸಾಲದೇ?
— ಇನ್ನೊಬ್ಬ ಓದುಗರು, ಅಂತರಸನಹಳ್ಳಿ

ಉತ್ತರ: ರಾತ್ರಿ ಪಾಳಿಯಲ್ಲಿ ಆಫೀಸಿಗೆ ಬೀಗ ಹಾಕಿದ್ದು, ಪಾಸ್‌ವರ್ಡ್ ಮ್ಯಾನೇಜರರೊಬ್ಬರಿಗೇ ಗೊತ್ತಿದ್ದರೆ ಸಾಲದು. ಕರೆಂಟು ಹೋದಾಗಲೂ ಕೈಗೆ ಸಿಗುವಂತೆ ಕೆಲಸದ ಜಾಗದಲ್ಲಿ ಮುದ್ರಿತ ಪ್ರತಿ ಇರಲಿ, ಕಂಪ್ಯೂಟರಿನಲ್ಲಿ ಪರಿಷ್ಕರಿಸಿದ ದಿನವೇ ಅದನ್ನೂ ಬದಲಾಯಿಸಿ. ಯಾರಿಗಾದರೂ ಆಸಿಡ್ ಸಿಡಿದು ಆಸ್ಪತ್ರೆಗೆ ಕರೆದೊಯ್ಯುವಾಗ ಒಂದು ಪ್ರತಿಯನ್ನು ಜೊತೆಯಲ್ಲೇ ಕಳುಹಿಸಿ. ಪ್ರಥಮ ಚಿಕಿತ್ಸೆಯ 4ನೇ ವಿಭಾಗ ಮತ್ತು ವಿಷಪರಿಣಾಮಗಳ 11ನೇ ವಿಭಾಗವನ್ನು ವೈದ್ಯರು ನೋಡಬೇಕಾಗುತ್ತದೆ.