ಸೇನೆಗೆ ಇಡುವ ನೂರು ರೂಪಾಯಿ ಎಲ್ಲೆಲ್ಲಿಗೆ ಹೋಗುತ್ತೆ?

ನೀವು ಕೇಳಿದ್ದು: ಭಾರತ ಸರ್ಕಾರ ಸೇನೆಗೆ ವರ್ಷಕ್ಕೆ ಎಷ್ಟು ಖರ್ಚು ಮಾಡುತ್ತೆ, ಬಹುಪಾಲು ಶಸ್ತ್ರಾಸ್ತ್ರಕ್ಕೇ ಹೋಗುತ್ತಾ ಅಂತ.

2025-26ರ ಬಜೆಟ್‌ನಲ್ಲಿ ರಕ್ಷಣಾ ಸಚಿವಾಲಯಕ್ಕೆ ಇಟ್ಟಿದ್ದು 6,81,210 ಕೋಟಿ ರೂಪಾಯಿ, ಅಂದರೆ ಒಟ್ಟು ಬಜೆಟ್‌ನ ಶೇ 13.45. ದಿನಕ್ಕೆ ಭಾಗಿಸಿದರೆ ಸುಮಾರು 1,866 ಕೋಟಿ. ಬಿಎಸ್‌ಎಫ್‌, ಸಿಆರ್‌ಪಿಎಫ್‌ ಖರ್ಚು ಇದರಲ್ಲಿ ಸೇರಿಲ್ಲ, ಅವು ಗೃಹ ಸಚಿವಾಲಯಕ್ಕೆ ಸೇರಿದ್ದು.

ಇದನ್ನು ನೂರು ರೂಪಾಯಿ ಅಂದುಕೊಳ್ಳಿ. ಹೊಸ ವಿಮಾನ, ಹಡಗು, ಫಿರಂಗಿ, ಕಟ್ಟಡ, ಜಾಗ ಎಲ್ಲ ಸೇರಿ ಹೋಗುವುದು 26 ರೂಪಾಯಿ ಮಾತ್ರ. 46 ರೂಪಾಯಿ ಸಂಬಳ, ರೇಷನ್, ಡೀಸೆಲ್, ಮದ್ದುಗುಂಡು, ರಿಪೇರಿಗೆ. ಸುಮಾರು 24 ರೂಪಾಯಿ ಪಿಂಚಣಿಗೆ. ಉಳಿದ ನಾಲ್ಕು ಕೋಸ್ಟ್ ಗಾರ್ಡ್, ಗಡಿ ರಸ್ತೆ ಸಂಸ್ಥೆಯಂಥವಕ್ಕೆ.

ಆ 24 ರೂಪಾಯಿ ನೋಡಿದವರೆಲ್ಲ "ಪಿಂಚಣಿಯೇ ಇಷ್ಟು ತಿಂದರೆ ಯುದ್ಧವಿಮಾನ ಕೊಳ್ಳೋದು ಯಾವಾಗ" ಅಂತಾರೆ. ಆ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತೆ. ನಮ್ಮಪ್ಪ ಬೆಂಗಳೂರಿನ ಎಂಇಜಿಯಲ್ಲಿ (ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್) ತರಬೇತಿ ಪಡೆದು, 22 ವರ್ಷ ಸರ್ವಿಸ್ ಮಾಡಿ, ನಾಯಕ್ ದರ್ಜೆಯಲ್ಲಿ ನಿವೃತ್ತರಾಗಿ ಮನೆಗೆ ಬಂದಾಗ ಅವರಿಗೆ ನಲವತ್ತು ವರ್ಷ. ನಾನಿನ್ನೂ ನಾಲ್ಕನೇ ಕ್ಲಾಸು. ಬೇರೆ ಸರ್ಕಾರಿ ನೌಕರಿಯಲ್ಲಿದ್ದಿದ್ದರೆ ಇನ್ನೂ ಇಪ್ಪತ್ತು ವರ್ಷ ಸಂಬಳ ಬರುತ್ತಿತ್ತು. ಸೇನೆಯಲ್ಲಿ ಚಿಕ್ಕ ವಯಸ್ಸಿನವರೇ ಇರಬೇಕು ಅಂತ ಬೇಗ ಮನೆಗೆ ಕಳಿಸುವುದು ಸರ್ಕಾರವೇ. ಹಾಗೆ ಕಳಿಸಿದ ಮೇಲೆ ಕೊಡಬೇಕಾದ ಬಾಕಿ ಅದು. ಆಮೇಲೆ ಅಪ್ಪ ಹದಿನಾರು ವರ್ಷ ಬ್ಯಾಂಕಿನ ಬಾಗಿಲಲ್ಲಿ ಗಾರ್ಡ್ ಆಗಿ ನಿಂತರು. ಈಗ ಪ್ರತಿ ನವೆಂಬರ್‌ನಲ್ಲಿ ಜೀವಂತ ಪ್ರಮಾಣಪತ್ರ ಕೊಡಬೇಕು. ಹೊಲದ ಕೆಲಸಕ್ಕೆ ಹೆಬ್ಬೆರಳಿನ ಗೆರೆಯೆಲ್ಲ ಸವೆದಿದೆ. ಮಷಿನ್‌ಗೆ ಸಿಗದೇ ಹೋದಾಗ ಬೆರಳನ್ನು ಪಂಚೆಗೆ ಉಜ್ಜಿ ಉಜ್ಜಿ ಮತ್ತೆ ಒತ್ತುತ್ತಾರೆ.

ಹೊಸ ಶಸ್ತ್ರ ಬೇಡ ಅಂತಲ್ಲ. ಖಂಡಿತ ಬೇಕು. ಆದರೆ ಅದಕ್ಕೆ ಅಡ್ಡ ಬಂದಿರುವುದು ಪಿಂಚಣಿಯೊಂದೇ ಅಲ್ಲ. 2024-25ರಲ್ಲಿ ಖರೀದಿ, ನಿರ್ಮಾಣದ ಬಾಬ್ತಿಗೆ 1.72 ಲಕ್ಷ ಕೋಟಿ ಇಟ್ಟಿದ್ದರು, ಪರಿಷ್ಕೃತ ಅಂದಾಜಿನಲ್ಲಿ, ಅಂದರೆ ವರ್ಷದ ಕೊನೆಯ ಹೊತ್ತಿಗೆ ತಿದ್ದಿದ ಲೆಕ್ಕದಲ್ಲಿ, ಅದು ಸುಮಾರು 1.6 ಲಕ್ಷ ಕೋಟಿಗೆ ಇಳಿಯಿತು. ಇಟ್ಟ ದುಡ್ಡೇ ಪೂರ್ತಿ ಬಳಕೆಯಾಗಲಿಲ್ಲ. ಒಪ್ಪಂದ ಆದ ಮೇಲೂ ಸರಕು ಕೈಗೆ ಬರೋಕೆ ವರ್ಷಗಳು ಬೇಕು, ಹಣವೂ ಕಂತಿನಲ್ಲೇ ಹೋಗುತ್ತೆ. ಉದಾಹರಣೆಗೆ, ಬೆಂಗಳೂರಿನ ಎಚ್‌ಎಎಲ್‌ಗೆ 83 ತೇಜಸ್ ಯುದ್ಧವಿಮಾನಗಳ ಆರ್ಡರ್ ಕೊಟ್ಟಿದ್ದು 2021ರಲ್ಲಿ, ಸುಮಾರು 48,000 ಕೋಟಿಗೆ. ಒಂದೇ ವರ್ಷದ ಬಜೆಟ್ ನೋಡಿದರೆ ಇದೆಲ್ಲ ಕಾಣಿಸಲ್ಲ.

ಪಿಂಚಣಿ ಭಾರ ತಗ್ಗುವ ದಾರಿಯೂ ಶುರುವಾಗಿದೆ. 2022ರ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕೇ ವರ್ಷ. ಹೆಚ್ಚೆಂದರೆ ನೂರಕ್ಕೆ 25 ಮಂದಿಯನ್ನು ಉಳಿಸಿಕೊಂಡು, ಮಿಕ್ಕವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಕೊಟ್ಟು ಕಳಿಸುತ್ತಾರೆ, ಪಿಂಚಣಿ ಇಲ್ಲ. ನಮ್ಮ ಚಿಕ್ಕಪ್ಪನ ಮಗ ಈಗ ಅಗ್ನಿವೀರ. ರಜೆಗೆ ಬಂದಾಗ ಅಪ್ಪನ ಹತ್ತಿರ ಕೂತು, "ದೊಡ್ಡಪ್ಪ, ಆ ಇಪ್ಪತ್ತೈದರಲ್ಲಿ ನಾನು ಬರ್ತೀನಾ" ಅಂತ ಕೇಳಿದ. ಅಪ್ಪ ಏನೂ ಹೇಳದೆ ಅವನ ಬೆನ್ನ ಮೇಲೆ ಕೈ ಇಟ್ಟರು.