ಆ ಕೊನೆಯ ಮಾತನ್ನು ಕೇಳಿಸಿಕೊಂಡವರು ಯಾರು?

ನಮಸ್ಕಾರ.

ನೀವು ಕಳಿಸಿದ 'ಬೆಂಕಿಯೊಳಗಿನ ಸೆಲ್ಯೂಟ್' ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹಾಗಂತ ಕೈಬಿಡುವ ಮನಸ್ಸೂ ಇಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ಎರಡನೇ ಮಹಾಯುದ್ಧದಲ್ಲಿ ಸತ್ತ ಕೆನಡಾದ ವಾಯುಪಡೆಯ ಗನ್ನರ್ ಆಂಡ್ರ್ಯೂ ಮಿನಾರ್ಸ್ಕಿಯ ಬಗ್ಗೆ ಕನ್ನಡದಲ್ಲಿ ಓದಿದ ನೆನಪಿಲ್ಲ. ಆಯ್ಕೆ ಚೆನ್ನಾಗಿದೆ. 1944ರ ಜೂನ್ 12ರ ರಾತ್ರಿ ಇಂಗ್ಲೆಂಡಿನ ಮಿಡಲ್‌ಟನ್ ಸೇಂಟ್ ಜಾರ್ಜ್‌ನಿಂದ ಲ್ಯಾಂಕಾಸ್ಟರ್ ಬಾಂಬರ್ ಹೊರಟಿದ್ದು, ಫ್ರಾನ್ಸಿನ ಕಾಂಬ್ರೆ ರೈಲ್ವೆ ಯಾರ್ಡಿನ ಗುರಿ, ದಾರಿಯಲ್ಲಿ ಜರ್ಮನ್ ಯುಂಕರ್ಸ್ ವಿಮಾನದ ದಾಳಿ, ಎಡಗಡೆಯ ಎರಡೂ ಎಂಜಿನ್ ಕೆಟ್ಟು ಒಳಗೆ ಬೆಂಕಿ ಹತ್ತಿದ್ದು: ಇಲ್ಲಿವರೆಗೆ ನಿಮ್ಮ ಬರವಣಿಗೆ ಬಿಗಿಯಾಗಿದೆ. ಎಲ್ಲರೂ ಹಾರಿಕೊಳ್ಳಿ ಎಂದು ಆಜ್ಞೆಯಾದ ಮೇಲೂ ಮಿನಾರ್ಸ್ಕಿ ವಿಮಾನದ ಬಾಲದ ಟರೆಟ್‌ನಲ್ಲಿ (ತಿರುಗುವ ಗನ್ ಗೂಡು) ಸಿಕ್ಕಿಬಿದ್ದ ಗನ್ನರ್ ಪ್ಯಾಟ್ ಬ್ರೋಫಿಯ ಕಡೆಗೆ ಬೆಂಕಿಯಲ್ಲೇ ನುಗ್ಗುತ್ತಾನೆ. ಅಲ್ಲಿಂದ ಮುಂದೆ ನೀವು ಜಾರಿದ್ದೀರಿ.

ಸಾಯುವ ಮುಂಚೆ ಅವನ ಬಾಯಲ್ಲಿ ತಾಯ್ನಾಡು, ತ್ಯಾಗ, ಗೆಳೆತನ ಎಂದು ಅರ್ಧ ಪುಟದ ಭಾಷಣ ಹಾಕಿದ್ದೀರಿ. ಅದನ್ನು ಕೇಳಿಸಿಕೊಂಡವರು ಯಾರು? ಅಲ್ಲಿ ಇದ್ದವನು ಬ್ರೋಫಿ ಒಬ್ಬನೇ. ಅವನಿಗೂ ಏನೂ ಕೇಳಿಸಲಿಲ್ಲ. ಹೈಡ್ರಾಲಿಕ್ ಒತ್ತಡ ಹೋಗಿ ಟರೆಟ್ ತಿರುಗದೆ ನಿಂತಿತ್ತು; ಕೈಯಿಂದ ತಿರುಗಿಸುವ ಹಿಡಿಕೆಯೂ ಮುರಿದಿತ್ತು. ಮಿನಾರ್ಸ್ಕಿ ಕೊಡಲಿಯಿಂದ ಹೊಡೆದ, ಆಮೇಲೆ ಬರಿಗೈಯಲ್ಲಿ ಎಳೆದ. ಅಷ್ಟರಲ್ಲಿ ಅವನ ಬಟ್ಟೆಗೂ ಪ್ಯಾರಾಚೂಟಿಗೂ ಬೆಂಕಿ ಹತ್ತಿತ್ತು. ಹೋಗು ಎಂದು ಬ್ರೋಫಿ ಕೈಬೀಸಿದ. ಮಿನಾರ್ಸ್ಕಿ ಬೆನ್ನು ತಿರುಗಿಸದೆ ಹಿಂದಕ್ಕೆ ತೆವಳಿದ, ಬಾಗಿಲ ಹತ್ತಿರ ಎದ್ದು ನಿಂತು ಸೆಲ್ಯೂಟ್ ಹೊಡೆದ, ಏನೋ ಅಂದ. ತುಟಿ ಅಲುಗಿದ್ದಷ್ಟೇ ಕಂಡಿತು. 'ಗುಡ್ ನೈಟ್, ಸರ್' ಎಂದಿರಬೇಕು ಎಂದು ಬ್ರೋಫಿಗೆ ಅನ್ನಿಸಿತು. ಯಾಕೆಂದರೆ ರಾತ್ರಿ ಮಲಗಲು ಬೇರೆಯಾಗುವಾಗ ತನಗಿಂತ ಮೇಲಿನ ದರ್ಜೆಯ ಈ ಗೆಳೆಯನಿಗೆ ಮಿನಾರ್ಸ್ಕಿ ತಮಾಷೆಗೆ ಸೆಲ್ಯೂಟ್ ಹೊಡೆದು ದಿನವೂ ಅನ್ನುತ್ತಿದ್ದದ್ದು ಅದನ್ನೇ. ಇಡೀ ಘಟನೆಯಲ್ಲಿ ನನ್ನ ಗಂಟಲು ಕಟ್ಟಿಸಿದ್ದು ಇದು. ನಿಮ್ಮ ಲೇಖನದಲ್ಲಿ ಇದೇ ಇಲ್ಲ! ಭಾಷಣಕ್ಕೆ ಜಾಗ ಮಾಡಲು ತೆಗೆದುಹಾಕಿದಿರಾ?

ಇನ್ನೊಂದು. ಮಿನಾರ್ಸ್ಕಿ ಹಾರಿದಲ್ಲಿಗೆ ಲೇಖನ ನಿಲ್ಲಿಸಿದ್ದೀರಿ. ಹಾಗಾದರೆ ಇದೆಲ್ಲ ಹೊರಗೆ ಬಂದದ್ದು ಹೇಗೆ ಎಂದು ಓದುಗ ಕೇಳದೆ ಬಿಡುತ್ತಾನೆಯೇ? ವಿಮಾನ ನೆಲಕ್ಕಪ್ಪಳಿಸುವಾಗ ಮರಕ್ಕೆ ಬಡಿದು ಟರೆಟ್ ಕಿತ್ತುಹೋಯಿತು, ಬ್ರೋಫಿ ಹೊರಗೆ ಎಸೆಯಲ್ಪಟ್ಟು ಬದುಕಿದ. ಕಾಪಾಡಲು ಹೋದವನು ಸತ್ತ, ಸಾಯಬೇಕಿದ್ದವನು ಉಳಿದ. ಬೆಂಕಿ ಹತ್ತಿಕೊಂಡೇ ನೆಲಕ್ಕಿಳಿದ ಮಿನಾರ್ಸ್ಕಿಯನ್ನು ಫ್ರೆಂಚರು ಕಂಡರು, ಸುಟ್ಟಗಾಯ ಅವನನ್ನು ಉಳಿಸಲಿಲ್ಲ. ವಯಸ್ಸು 27. ಅವನ ಸಾವಿನ ಸುದ್ದಿ ಬ್ರೋಫಿಗೆ ತಲುಪಿದ್ದು ತಿಂಗಳುಗಳ ಮೇಲೆ. ಬ್ರೋಫಿ ಬಾಯಿಬಿಟ್ಟ ಮೇಲೆಯೇ ಪೈಲಟ್ ಆರ್ಟ್ ಡಿ ಬ್ರೇನ್ ಪದಕಕ್ಕಾಗಿ ಓಡಾಡಿದ್ದು. ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಘೋಷಣೆಯಾಗಿದ್ದು 1946ರ ಅಕ್ಟೋಬರಿನಲ್ಲಿ. ನಿಮ್ಮ ಕಥೆ ಬ್ರೋಫಿಯ ಕಣ್ಣಿನಿಂದ ಶುರುವಾಗಬೇಕು. ಅವನು ಕಂಡಷ್ಟನ್ನೇ ಬರೆಯಿರಿ, ಅದಕ್ಕೆ ಬಣ್ಣ ಬಳಿಯುವುದು ಬೇಡ.

ಮಿನಾರ್ಸ್ಕಿ ಹುಟ್ಟಿ ಬೆಳೆದ ಕೆನಡಾದ ವಿನ್ನಿಪೆಗ್‌ನ ಬದುಕಿಗೆ ಎರಡೇ ಸಾಲು ಕೊಟ್ಟಿದ್ದೀರಿ, ಸಾಲದು. ಪೋಲೆಂಡಿನಿಂದ ವಲಸೆ ಬಂದ ಮನೆ, ಹದಿನಾರರ ಸುಮಾರಿಗೆ ಅಪ್ಪನ ಸಾವು, ಮನೆ ನಡೆಸಲು ಚರ್ಮ ಕತ್ತರಿಸುವ ಕೆಲಸ, 1941ರಲ್ಲಿ ವಾಯುಪಡೆ. ಚರ್ಮ ಕತ್ತರಿಸಿದ ಕೈಗೂ ಟರೆಟ್ ಎಳೆದ ಕೈಗೂ ಗಂಟು ಹಾಕಿ ಕವಿತೆ ಮಾಡಬೇಡಿ. ಎರಡನ್ನೂ ಹೇಳಿ, ಸಾಕು.

ಬ್ರಿಟಿಷ್ ವಾಯುಪಡೆಯ ಬಾಂಬ್ ದಾಳಿ ವಿಭಾಗವಾದ ಬಾಂಬರ್ ಕಮಾಂಡಿನ ಅಂಕಿಅಂಶಗಳ ಪುಟವನ್ನು ಪೂರ್ತಿ ತೆಗೆಯಿರಿ. ಸುಮಾರು 1,25,000 ವಿಮಾನ ಸಿಬ್ಬಂದಿಯಲ್ಲಿ 55,573 ಮಂದಿ ಸತ್ತರು ಎಂಬ ಒಂದು ಸಾಲು ಬೇಕಾದಷ್ಟಾಯಿತು. ಅದರ ಬದಲು ಕೆಳಗಿದ್ದವರನ್ನು ನೆನೆಯಿರಿ. ರೈಲ್ವೆ ಯಾರ್ಡುಗಳ ಮೇಲೆ ಬಿದ್ದ ಬಾಂಬಿಗೆ ಫ್ರೆಂಚ್ ನಾಗರಿಕರೂ ಬಲಿಯಾದರು. ಅದೇ ಜನ ಬ್ರೋಫಿಯಂಥವರನ್ನು ಬಚ್ಚಿಟ್ಟು ಕಾಪಾಡಿದರು. ನಿಮ್ಮಲ್ಲಿ ಅವರು ಬರೀ ಚಪ್ಪಾಳೆ ತಟ್ಟುತ್ತಾರೆ, ನನಗದು ಸರಿಕಾಣಲಿಲ್ಲ.

ಸಣ್ಣ ತಪ್ಪುಗಳು: ಮಿನಾರ್ಸ್ಕಿ ವಿಮಾನ ಓಡಿಸುತ್ತಿರಲಿಲ್ಲ, ವಿಮಾನದ ಬೆನ್ನ ಮೇಲಿನ ಟರೆಟ್‌ನ ಗನ್ನರ್, 'ಪೈಲಟ್ ಆಫೀಸರ್' ಅವನಿಗೆ ಆಗಷ್ಟೇ ಸಿಕ್ಕ ದರ್ಜೆ. ವಿಮಾನ ಬಿದ್ದ ಜೂನ್ 13 'ಅಪಶಕುನದ ಶುಕ್ರವಾರ'ವೂ ಅಲ್ಲ, ಮಂಗಳವಾರ. ಅದು ಆ ತಂಡದ 13ನೇ ಹಾರಾಟವಾಗಿತ್ತು, ಹೊರಡುವ ಮೊದಲು ಹುಲ್ಲಿನಲ್ಲಿ ಸಿಕ್ಕ ನಾಲ್ಕೆಲೆಯ ಕ್ಲೋವರನ್ನು (ಅದೃಷ್ಟ ತರುತ್ತದೆಂದು ಅವರು ನಂಬುವ ಸೊಪ್ಪು) ಮಿನಾರ್ಸ್ಕಿ ಬ್ರೋಫಿಗೇ ಕೊಟ್ಟಿದ್ದ. ನಿಜ ಸಂಗತಿಯೇ ಹೀಗಿರುವಾಗ ಶುಕ್ರವಾರವನ್ನು ಯಾಕೆ ಹುಟ್ಟಿಸಿದಿರಿ?

ತಿದ್ದಿ ಕಳಿಸಿ. 1,500 ಪದ ಮೀರುವುದು ಬೇಡ. ಶೀರ್ಷಿಕೆ ನಾನು ಬದಲಾಯಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಸಂಪಾದಕ